96 ಹೆಜ್ಜೆಗಳ ಆಚೆಯಿಂದ

ಕಳೆದ ನಾಲ್ಕಾರು ತಿಂಗಳಿಂದ ನನ್ನ ಮೇಜಿನ ಮೇಲೆ ಒಂದಕ್ಕೊಂದು ನಂಟೇ ಇಲ್ಲದ ಪುಸ್ತಕಗಳು ಬಿದ್ದಿವೆ. ಒಂದು ಕಡೆ ಫ್ರಾನ್ಸಿಸ್ ಬುಕಾನನ್‌ನ ಮೂರು ಸಂಪುಟಗಳ ಪ್ರವಾಸ ಕಥನ, ಅಬ್ಬೆ ದುಬಾಯ್, ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’. ಇನ್ನೊಂದು ಕಡೆ ಅಮೆರಿಕದ ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ ಬರೆದ ‘ಕಿಂಡ್ರೆಡ್’, ಅಣ್ಣನ ಮಗಳಿಂದ ಕಡ ತಂದ ಹ್ಯಾರಿ ಪಾಟರ್‌ಗಳು, ಹಳೇ ಚಂದಮಾಮದ ಒಂದು ಕಟ್ಟು. ಇವನ್ನೆಲ್ಲ ಒಟ್ಟಿಗೆ ಓದಬೇಕೆಂಬ ಯೋಜನೆಯೇನೂ ಇರಲಿಲ್ಲ. ಒಂದು ಬೇಸರವಾದಾಗ ಇನ್ನೊಂದು ಎತ್ತಿಕೊಂಡೆ, ಅಷ್ಟೆ. ಆದರೆ ಓದುತ್ತ ಓದುತ್ತ ಒಂದು ವಿಚಾರ ಅಂಗಾಲಿನ ಮುಳ್ಳಿನಂತೆ ಚುಚ್ಚತೊಡಗಿತು. ಪ್ರವಾಸ ಕಥನ ಕಂಡ ಊರನ್ನು ಬರೆಯುತ್ತದೆ, ಅದ್ಭುತ ಕತೆ ಕಾಣದ ಊರನ್ನು ಬರೆಯುತ್ತದೆ. ಎರಡರಲ್ಲೂ ಒಬ್ಬ ದಾರಿ ಹಿಡಿದು ಹೊರಡುತ್ತಾನೆ. ಅವನು ಬರುವಾಗ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತವರು ಯಾರು? ಈ ಪ್ರಶ್ನೆ ಕೇಳಿದ ಕೂಡಲೇ ಎರಡೂ ಬಗೆಯ ಪುಸ್ತಕಗಳು ಅಕ್ಕತಂಗಿಯರಂತೆ ಕಾಣತೊಡಗಿದವು.

ಮೊದಲು ಬುಕಾನನ್. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಒಂದು ವರ್ಷ ತುಂಬುವ ಮುಂಚೆಯೇ, 1800ರ ಏಪ್ರಿಲ್ 23ರಂದು, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆ ಹೊತ್ತು ಈ ಸ್ಕಾಟಿಷ್ ವೈದ್ಯ ಮದರಾಸಿನಿಂದ ಹೊರಟ. ಮೈಸೂರು, ಕೆನರಾ, ಮಲಬಾರ್ ಸುತ್ತಿ ವರ್ಷಕ್ಕೂ ಹೆಚ್ಚು ಕಾಲ ತಿರುಗಿದ. ಗೆದ್ದ ಸೀಮೆಯಲ್ಲಿ ಏನೇನಿದೆ, ಎಷ್ಟೆಷ್ಟು ಹುಟ್ಟುತ್ತದೆ ಎಂದು ಲೆಕ್ಕ ಹಾಕಲು ಬಂದವನು. ಮಣ್ಣಿನ ಬಣ್ಣ, ಬಿತ್ತುವ ಕಾಲ, ಮಗ್ಗ, ಕಬ್ಬಿಣದ ಕುಲುಮೆ, ಶ್ರೀಗಂಧ, ಎತ್ತಿನ ಬೆಲೆ ಎಲ್ಲವನ್ನೂ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಬಂತು. ನಮ್ಮ ಚರಿತ್ರೆಕಾರರು ಇದನ್ನು ಗಣಿಯಂತೆ ಅಗೆಯುತ್ತಲೇ ಬಂದಿದ್ದಾರೆ. ನಾನೂ ಅಗೆದೆ, ಆದರೆ ಹುಡುಕಿದ್ದು ಬೇರೆ. ಹೊಲೆಯರನ್ನು ಅವನು ತನ್ನ ಕಿವಿಗೆ ಕೇಳಿಸಿದಂತೆ ‘ವಲ್ಲಿಯಾರು’ ಎಂದೇನೋ ಬರೆಯುತ್ತಾನೆ. ಆ ವಕ್ರ ಕಾಗುಣಿತದಲ್ಲಿ ನಮ್ಮವರು ಅಡಗಿ ಕೂತಿದ್ದಾರೆ. ಅವರನ್ನು ಹುಡುಕಿ ಹೊರಗೆಳೆಯುವುದೇ ಒಂದು ಕೆಲಸ.

ಶ್ರೀರಂಗಪಟ್ಟಣದ ಸುತ್ತ ಭತ್ತದ ರಾಶಿ ಹಂಚುವ ಕ್ರಮವನ್ನು ಅವನು ಬಿಡಿಬಿಡಿಯಾಗಿ ಕೊಡುತ್ತಾನೆ. ಸರ್ಕಾರ, ರೈತ ಪಾಲು ಮಾಡಿಕೊಳ್ಳುವ ಮುಂಚೆ ದೇವರಿಗಿಷ್ಟು, ಬ್ರಾಹ್ಮಣರಿಗಿಷ್ಟು, ಊರ ಅಧಿಕಾರಿಗಳಿಗಿಷ್ಟು, ಕಮ್ಮಾರ, ಅಗಸ, ಕ್ಷೌರಿಕರಿಗಿಷ್ಟು, ತೋಟಿಗಿಷ್ಟು. ರಾಶಿ ಎತ್ತಿದ ಮೇಲೆ ತಳದಲ್ಲಿ, ಕಣ ಸಾರಿಸಿದ ಸಗಣಿಯ ಜೊತೆ ಬೆರೆತ ಒಂದೆರಡು ಅಂಗುಲದ ಕಾಳು ಉಳಿಯುತ್ತದಲ್ಲ, ಅದು ಕೆರೆಯ ನೀರು ಬಿಡುವ ನೀರಗಂಟಿಗೆ. ಈ ವಾಕ್ಯ ಓದಿ ನಾನು ಪುಸ್ತಕ ಮಡಚಿಟ್ಟು ಎದ್ದು ಹೋದೆ. ನೀರು ಕಟ್ಟಿದವನಿಗೆ ಸಗಣಿಯೊಳಗಿನ ಕಾಳು! ನಮ್ಮ ಅಜ್ಜಂದಿರು ಹೇಳುತ್ತಿದ್ದ ಕಣ ಗುಡಿಸೋ ಕತೆಗೆ ಇನ್ನೂರು ವರ್ಷದ ಹಿಂದಿನ ಸಾಕ್ಷಿ ಸಿಕ್ಕಿತು ಅಂತ ಸಂತೋಷ ಪಡಬೇಕೋ ಏನೋ. ಬುಕಾನನ್‌ಗೆ ಇಲ್ಲಿ ಸಿಟ್ಟೂ ಇಲ್ಲ, ಕನಿಕರವೂ ಇಲ್ಲ. ಅವನದು ಲೆಕ್ಕ. ಆದರೆ ಲೆಕ್ಕಕ್ಕೆ ಒಂದು ಗುಣವಿದೆ. ಪುರಾಣ ಮುಚ್ಚಿಟ್ಟಿದ್ದನ್ನು ಅದು ಗೊತ್ತಿಲ್ಲದೇ ಬಿಚ್ಚಿಡುತ್ತದೆ.

ಮಲಬಾರಿಗೆ ಇಳಿದ ಮೇಲಂತೂ ಅವನ ಪುಟಗಳು ಮೈ ನಡುಗಿಸುತ್ತವೆ. ನಂಬೂದಿರಿಯ ಹತ್ತಿರ ನಾಯರ್ ಬರಬಹುದು, ಮುಟ್ಟಬಾರದು. ತೀಯ 36 ಹೆಜ್ಜೆ ದೂರ ನಿಲ್ಲಬೇಕು. ಪುಲಯ 96 ಹೆಜ್ಜೆ. ಇನ್ನೊಂದೆಡೆ ಗದ್ದೆಯ ಗುಲಾಮರನ್ನು ಪರಭಾರೆ ಮಾಡುವ ಮೂರು ಬಗೆ ಹೇಳುತ್ತಾನೆ: ಜನ್ಮ, ಕಾಣಂ, ಪಾಟ್ಟಂ. ಅಂದರೆ ಕ್ರಯ, ಅಡಮಾನ, ಗುತ್ತಿಗೆ. ಭೂಮಿಗೆ ಇರುವ ಕಾಗದಪತ್ರದ ಮಾತುಗಳೇ ಮನುಷ್ಯರಿಗೂ! ಅವರ ಗಿಡ್ಡ ಮೈ, ಬಡಕಲು ರೂಪ ನೋಡಿದರೆ ಹೊಟ್ಟೆಗೆ ಸಾಲದು ಎಂಬುದು ಎದ್ದು ಕಾಣುತ್ತದೆ ಎಂದೂ ಬರೆಯುತ್ತಾನೆ. ವೈದ್ಯನ ಕಣ್ಣು ಅದು. ಅಷ್ಟು ಬರೆದು ಮುಂದಿನ ಬೆಳೆಯ ಲೆಕ್ಕಕ್ಕೆ ಹೋಗುತ್ತಾನೆ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಎಂದು ಕಂಪನಿ ಸರ್ಕಾರ ಹೇಳಿದ್ದು 1843ರಲ್ಲಿ. ಅಲ್ಲಿಗೆ ಬುಕಾನನ್ ಬಂದುಹೋಗಿ ನಲವತ್ತು ವರ್ಷ ಆಗಿತ್ತು.

ಈ 96 ಎಂಬ ಸಂಖ್ಯೆ ನನ್ನನ್ನು ಬಿಡುತ್ತಿಲ್ಲ. ಬುಕಾನನ್ ಪ್ರತಿದಿನ ತಾನು ಎಷ್ಟು ದೂರ ನಡೆದೆ ಎಂದು ಬರೆಯುತ್ತಾನೆ. ದೂರ ಎಂದರೆ ಅವನಿಗೆ ದಾಟುವುದು. ಪುಲಯನಿಗೆ ದೂರ ಎಂದರೆ ಕಾಪಾಡಿಕೊಳ್ಳುವುದು, ತಪ್ಪಿದರೆ ಪ್ರಾಣ ಹೋಗುವಂಥದ್ದು. ಒಂದೇ ದಾರಿ, ಒಂದೇ ಅಳತೆಗೋಲು, ಎರಡು ಲೋಕ. ಪ್ರವಾಸ ಸಾಹಿತ್ಯದ ಬಗ್ಗೆ ಕನ್ನಡದಲ್ಲಿ ನಾವು ಬರೆದಿರುವ ವಿಮರ್ಶೆಯಲ್ಲಿ ಈ ಎರಡನೇ ದೂರದ ಮಾತು ಎಷ್ಟು ಬಂದಿದೆ? ಪ್ರವಾಸಿಗನ ರಸಿಕತೆ, ಪ್ರಕೃತಿ ವರ್ಣನೆ, ಹಾಸ್ಯ ಪ್ರಜ್ಞೆ ಅಂತ ಬರೆದು ಮುಗಿಸಿದ್ದೇವೆ.

ಇಲ್ಲೊಂದು ಜಗಳವನ್ನೂ ಆಡಿಬಿಡಬೇಕು. ಜಾತಿ ಇಷ್ಟು ಗಟ್ಟಿಯಾದದ್ದು ಬ್ರಿಟಿಷರ ಜನಗಣತಿಯಿಂದ, ಅದಕ್ಕೂ ಮುಂಚೆ ಅದು ನೀರಿನ ಹಾಗೆ ಹರಿದಾಡಿಕೊಂಡಿತ್ತು ಎಂಬ ವಾದವೊಂದು ವಿಶ್ವವಿದ್ಯಾನಿಲಯಗಳಲ್ಲಿ ಓಡಾಡುತ್ತಿದೆ. ವಸಾಹತುಶಾಹಿ ಜಾತಿಯನ್ನು ಪಟ್ಟಿ ಮಾಡಿ, ಕಟ್ಟು ಹಾಕಿ, ತನ್ನ ಆಡಳಿತಕ್ಕೆ ಬಳಸಿಕೊಂಡದ್ದು ನಿಜ. ಅದರಲ್ಲಿ ಎರಡು ಮಾತಿಲ್ಲ. ಆದರೆ ದೇಶದ ಮೊದಲ ಜನಗಣತಿ ಶುರುವಾದದ್ದು 1871-72ರಲ್ಲಿ. ಬುಕಾನನ್ 96 ಹೆಜ್ಜೆ ಎಂದು ಬರೆದುಕೊಂಡದ್ದು ಅದಕ್ಕೂ ಎಪ್ಪತ್ತು ವರ್ಷ ಮೊದಲು. ಆ ಹೆಜ್ಜೆಗಳನ್ನು ಎಣಿಸಿ ಇಟ್ಟವರು ಯಾವ ಕಂಪನಿಯ ಗುಮಾಸ್ತರು ಸ್ವಾಮಿ? ಹಾಗಂತ ಬುಕಾನನ್‌ನನ್ನು ಹೆಗಲ ಮೇಲೆ ಹೊತ್ತು ಮೆರೆಸಬೇಕಾಗಿಲ್ಲ. ಅವನು ಬಂದದ್ದು ನಮ್ಮ ನೋವು ಕೇಳಲಿಕ್ಕಲ್ಲ. ಅವನ ಗುಡಾರ, ಪೆಟ್ಟಿಗೆ, ಒಣಗಿಸಿದ ಗಿಡದ ಕಟ್ಟುಗಳು ತಾವಾಗಿಯೇ ಘಟ್ಟ ಇಳಿಯಲಿಲ್ಲ. ಹೊತ್ತವರ ಹೆಸರು ನನಗೆ ಆ ಪುಟಗಳಲ್ಲಿ ಸಿಗಲಿಲ್ಲ.

ಅಬ್ಬೆ ದುಬಾಯ್ ಬಗ್ಗೆ ಹೆಚ್ಚು ಹೇಳುವ ಆಸೆ ಇಲ್ಲ. ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದು, ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡ ಈ ಫ್ರೆಂಚ್ ಪಾದ್ರಿ ಜಾತಿ ಪದ್ಧತಿಯನ್ನು ಹಿಂದೂ ಶಾಸನಕಾರರ ಅತ್ಯಂತ ಯಶಸ್ವಿ ಸಾಧನೆ ಎಂದು ಹೊಗಳಿದ. ಅದೇ ಪುಸ್ತಕದಲ್ಲಿ ಪರೆಯರ ಬಾಳು ಎಷ್ಟು ಹೀನಾಯವೆಂದೂ ಬರೆದ. ಎರಡರ ನಡುವೆ ಸಂಬಂಧವಿದೆ ಅಂತ ಅವನಿಗೆ ಹೊಳೆಯಲಿಲ್ಲ. ಅವನು ಬರೆದದ್ದರಲ್ಲಿ ಸಾಕಷ್ಟು ಭಾಗ ಅವನಿಗಿಂತ ಹಿಂದಿನ ಕೂರ್ದೂ ಎಂಬ ಪಾದ್ರಿಯಿಂದ ಎತ್ತಿದ್ದು ಎಂದು ಆಮೇಲೆ ವಿದ್ವಾಂಸರು ತೋರಿಸಿಕೊಟ್ಟರು. ಉಟ್ಟದ್ದು ಕಂಡದ್ದು ಮಾತ್ರವಲ್ಲ, ಬರೆದದ್ದೂ ಕಡ ತಂದದ್ದು.

ಇವರಿಬ್ಬರ ಪಕ್ಕದಲ್ಲಿ ಬಾಬಾಸಾಹೇಬರ ಪುಟ್ಟ ಪುಸ್ತಕ ಇಟ್ಟು ನೋಡಿ. 1935-36ರ ಸುಮಾರಿಗೆ ಬರೆದು, ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ, 1990ರಲ್ಲಿ ಅಚ್ಚಾದದ್ದು. ನಾವಿದನ್ನು ಆತ್ಮಕಥೆ ಎನ್ನುತ್ತೇವೆ. ನನ್ನ ಪ್ರಕಾರ ಇದು ಪ್ರವಾಸ ಕಥನ. ಹೆಸರಲ್ಲೇ ‘ವೀಸಾ’ ಇದೆಯಲ್ಲ! ತನ್ನದೇ ದೇಶದೊಳಗೆ ತಿರುಗಾಡಲು ವೀಸಾಕ್ಕಾಗಿ ಕಾಯುತ್ತಿರುವವನ ಪ್ರವಾಸ. 1901ರಲ್ಲಿ ಮಕ್ಕಳು ಒಳ್ಳೆ ಬಟ್ಟೆ ಹಾಕಿಕೊಂಡು ಅಪ್ಪನನ್ನು ನೋಡಲು ರೈಲಿನಲ್ಲಿ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿಯುತ್ತವೆ. ಮಹಾರರು ಎಂದು ಗೊತ್ತಾದ ಕೂಡಲೇ ಸ್ಟೇಷನ್ ಮಾಸ್ತರರ ಮುಖ ಬದಲಾಗುತ್ತದೆ. ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗಬೇಕು. ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ಇದೆ, ನೀರಿಲ್ಲ. ರಾತ್ರಿಯೆಲ್ಲ ಹಸಿದೇ ಮಲಗುತ್ತವೆ. ಕೊಲಂಬಿಯಾದಲ್ಲಿ ಓದಿ ಬಂದ ಮೇಲೆ ಬರೋಡದಲ್ಲಿ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಹೊರಹಾಕುತ್ತಾರೆ. 1934ರಲ್ಲಿ ದೌಲತಾಬಾದ್ ಕೋಟೆ ನೋಡಲು ಹೋಗಿ ಬಾಗಿಲ ಹೊಂಡದ ನೀರಲ್ಲಿ ಮುಖ ತೊಳೆದದ್ದಕ್ಕೆ ರಂಪ. ಸಮುದ್ರ ದಾಟುವುದು ಸುಲಭವಾದ ಮನುಷ್ಯನಿಗೆ ಮಸೂರಿನಿಂದ ಅಪ್ಪನ ಊರಿಗೆ ಹೋಗುವುದು ಕಷ್ಟ! ಬುಕಾನನ್‌ಗೆ ಕಾಣದ ಭೂಪಟ ಇದು. ಊರು, ಹೊಳೆ, ಬೆಟ್ಟ ಎಲ್ಲ ಅವೇ. ಆದರೆ ಇಲ್ಲಿ ಗುರುತು ಹಾಕಿರುವುದು ಎಲ್ಲಿ ನೀರು ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎಂಬುದನ್ನು.

ನಮಗೆ ತಿರುಗಾಟ ಹೊಸದೇನಲ್ಲ ಬಿಡಿ. ಮನು ತನ್ನ ಹತ್ತನೇ ಅಧ್ಯಾಯದಲ್ಲಿ ಚಂಡಾಲರಿಗೆ ಸದಾ ಅಲೆಯುತ್ತಿರಬೇಕೆಂದೇ ವಿಧಿಸಿದ್ದಾನೆ. ಹೆಣದ ಮೇಲಿನ ಬಟ್ಟೆ ಉಡಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ರಾತ್ರಿ ಹೊತ್ತು ಊರೊಳಗೆ ಸುಳಿಯಬಾರದು, ದಿಕ್ಕಿಲ್ಲದವರ ಹೆಣ ಹೊತ್ತು ಸಾಗಿಸಬೇಕು. ಈ ನಾಲ್ಕನ್ನು ನೆನಪಿಟ್ಟುಕೊಂಡು ಅದ್ಭುತ ಕತೆಗಳ ಕಡೆ ತಿರುಗೋಣ.

ಕಲ್ಪನೆಗೆ ವೀಸಾ ಬೇಕಿಲ್ಲ, ಅಲ್ಲಿ ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಹೋಗಬಹುದು ಅಂದುಕೊಂಡಿದ್ದೆ. ಚಂದಮಾಮದ ಕಟ್ಟು ಬಿಚ್ಚಿದರೆ ಮೊದಲಿಗೇ ಕೈಗೆ ಬಂದದ್ದು ವಿಕ್ರಮ-ಬೇತಾಳ. ಚಿಕ್ಕಂದಿನಲ್ಲಿ ನಾವೆಲ್ಲ ಜೀವ ಬಿಟ್ಟು ಓದಿದ ಕತೆ. ಸ್ಮಶಾನ, ಮರ, ಮರದಲ್ಲಿ ತೂಗುವ ಹೆಣ, ಹೆಗಲಿಗೇರಿಸಿಕೊಂಡು ಮಾತಾಡದೆ ನಡೆಯುವ ರಾಜ, ಕೈಯಲ್ಲಿ ಕತ್ತಿ. ಆಗ ಗೊತ್ತಾಗಿರಲಿಲ್ಲ, ಈಗ ಗೊತ್ತಾಗುತ್ತಿದೆ. ವಿಕ್ರಮ ಮಾಡುತ್ತಿರುವುದು ನಮ್ಮ ಕೇರಿಯವರ ಕೆಲಸ. ರಾತ್ರಿ ಹೊತ್ತು ಮಸಣಕ್ಕೆ ಹೋಗುವುದು, ಹೆಣ ಹೊರುವುದು. ರಾಜ ಹೊತ್ತರೆ ಧೈರ್ಯ, ನಾವು ಹೊತ್ತರೆ ಕುಲಕಸುಬು. ರಾಜನ ಹೆಗಲ ಮೇಲಿನ ಹೆಣ ಧರ್ಮಸೂಕ್ಷ್ಮದ ಪ್ರಶ್ನೆ ಕೇಳುತ್ತದೆ. ನಮ್ಮವರ ಹೆಗಲ ಮೇಲಿನ ಹೆಣ ಏನೂ ಕೇಳಲಿಲ್ಲವೇ? ಹನ್ನೊಂದನೇ ಶತಮಾನದ ಸೋಮದೇವನ ಕಥಾಸರಿತ್ಸಾಗರದಿಂದ ಈಚೆಗೆ ಎಷ್ಟು ಸಲ ಈ ಕತೆ ಹೇಳಲ್ಪಟ್ಟಿದೆಯೋ, ಆ ಮಸಣ ಕಾಯುವವನು ಎಲ್ಲಿ ಹೋದ ಅಂತ ಕೇಳುವುದು ಬೇತಾಳನಿಗೂ ಮರೆತುಹೋಯಿತು.

ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಂತೂ ಇನ್ನೂ ಸೋಜಿಗ. ವಿಶ್ವಾಮಿತ್ರ ತನ್ನ ತಪಸ್ಸಿನ ಬಲದಿಂದ ಇಬ್ಬರು ಹೆಣ್ಣುಗಳನ್ನು ಸೃಷ್ಟಿಸುತ್ತಾನೆ. ತಾಯಿ ಇಲ್ಲ, ತಂದೆ ಇಲ್ಲ, ಕೇರಿ ಇಲ್ಲ, ಶುದ್ಧ ಕಲ್ಪನೆಯಲ್ಲಿ ಹುಟ್ಟಿದವರು. ಹುಟ್ಟಿದ್ದು ಮಾತ್ರ ಹೊಲತಿಯರಾಗಿ! ಮಂತ್ರದಿಂದ ಹುಟ್ಟಿದವರಿಗೂ ಜಾತಿ ಬಿಡಲಿಲ್ಲ. ಹಾಡು ಮೆಚ್ಚಿದ ರಾಜನನ್ನು ಅವರು ಹಿಡಿದು ನಿಲ್ಲಿಸಿ ಕೇಳುವ ತರ್ಕ ಇದೆಯಲ್ಲ, ಕಣ್ಣಿಗೆ ಕಿವಿಗೆ ಇಲ್ಲದ ಮೈಲಿಗೆ ಮುಟ್ಟಿದರೆ ಮಾತ್ರ ಹೇಗೆ ಬಂತು ಎಂಬ ಪ್ರಶ್ನೆ, ಅದು ಕನ್ನಡ ಕಾವ್ಯದ ಬಹಳ ದೊಡ್ಡ ಪ್ರಶ್ನೆ. ಹದಿಮೂರನೇ ಶತಮಾನದ ಕವಿಯ ಕಲ್ಪನೆ ಅಲ್ಲಿಯವರೆಗೆ ಹೋಗಿ ಅಲ್ಲೇ ನಿಂತುಬಿಟ್ಟಿತು. ರಾಜ ರಾಜ್ಯ ಬಿಟ್ಟಾನು, ಹೊಲತಿಯರನ್ನು ಮದುವೆಯಾಗ.

ಇಂಗ್ಲಿಷಿನ ಮಾಯಾಲೋಕಗಳು ಇದಕ್ಕಿಂತ ಮುಂದಿವೆಯೇ? ಹ್ಯಾರಿ ಪಾಟರ್‌ನಲ್ಲಿ ಮನೆಯಾಳು ಕುಳ್ಳರಿದ್ದಾರೆ. ಅವರ ಜಾತಿಯೇ ಆಳುಜಾತಿ. ದಿಂಬಿನ ಚೀಲ, ಪಾತ್ರೆ ಒರೆಸುವ ವಸ್ತ್ರ ಉಟ್ಟು ಜೀತ ಮಾಡುತ್ತಾರೆ. ಒಡೆಯ ಬಟ್ಟೆ ಕೊಟ್ಟರೆ ಬಿಡುಗಡೆ. ಡಾಬಿ ಎಂಬುವನು ಒಂದು ಕಾಲುಚೀಲದಿಂದ ಬಿಡುಗಡೆಯಾಗುತ್ತಾನೆ. ಇದನ್ನು ಓದಿ ನಗು ಬಂತು. ನಮ್ಮಲ್ಲಿ ಧಣಿ ಹಬ್ಬಕ್ಕೆ ಕೊಡುವ ಹಳೇ ಬಟ್ಟೆ ಜೀತದ ಗುರುತು, ಅಲ್ಲಿ ಜೀತ ಮುಗಿದ ಗುರುತು. ಅಲ್ಲಾರೀ, ಬಟ್ಟೆ ಕೊಟ್ಟರೆ ಬಿಡುಗಡೆ ಎಂದಾಗಿದ್ದರೆ ನಮ್ಮ ತಾತಂದಿರು ಯುಗಾದಿಗೊಮ್ಮೆ ಬಿಡುಗಡೆಯಾಗಿರುತ್ತಿದ್ದರಲ್ಲ! ಹರ್ಮಾಯ್ನಿ ಎಂಬ ಹುಡುಗಿ ಈ ಆಳುಗಳ ಪರ ಸಂಘ ಕಟ್ಟುತ್ತಾಳೆ. ಗೆಳೆಯರು ಗೇಲಿ ಮಾಡುತ್ತಾರೆ. ಅವರಿಗೆ ದುಡಿಯೋದೇ ಇಷ್ಟ ಕಣೇ ಅನ್ನುತ್ತಾರೆ. ಕಾದಂಬರಿಯೂ ಒಳಗೊಳಗೇ ಆ ಗೇಲಿಯ ಜೊತೆ ಸೇರಿಕೊಂಡಿದೆ. ಬಹುಪಾಲು ಕುಳ್ಳರಿಗೆ ಬಿಡುಗಡೆ ಎಂದರೆ ಅವಮಾನ. ವಿಂಕಿ ಎಂಬುವಳು ಬಿಡುಗಡೆಯಾದ ಸಂಕಟಕ್ಕೆ ಕುಡಿತಕ್ಕೆ ಬೀಳುತ್ತಾಳೆ. ರಕ್ತ ಶುದ್ಧಿಯ ಹುಚ್ಚನ್ನು ಅಷ್ಟು ಚೆನ್ನಾಗಿ ಬಯಲು ಮಾಡುವ ಲೇಖಕಿಗೆ ಅಡುಗೆಮನೆಯ ಕಡೆ ತಿರುಗುವಾಗ ಕಣ್ಣು ಮಂಜಾಯಿತು. ಅಣ್ಣನ ಮಗಳಿಗೆ ಇದು ಹೇಳಿದೆ. “ನೀವು ಎಲ್ಲದರಲ್ಲೂ ಅದನ್ನೇ ಹುಡುಕ್ತೀರ ಚಿಕ್ಕಪ್ಪ” ಅಂದಳು. ಇರಬಹುದು. ಆದರೆ ಎರಡು ದಿನ ಬಿಟ್ಟು ಬಂದು, “ಹಾಗ್ವಾರ್ಟ್ಸ್‌ನಲ್ಲಿ ಕಕ್ಕಸು ಯಾರು ತೊಳೀತಾರೆ ಅಂತ ಈಗ ಯೋಚನೆ ಶುರುವಾಗಿದೆ” ಅಂದಳು.

‘ಕಿಂಡ್ರೆಡ್’ ಇವೆಲ್ಲಕ್ಕಿಂತ ಬೇರೆ. 1979ರ ಕಾದಂಬರಿ. ಬಟ್ಲರ್‌ಳ ತಾಯಿ ಬಿಳಿಯರ ಮನೆಗೆಲಸ ಮಾಡಿದವಳು. ಆ ಮನೆಗಳ ಹಿಂಬಾಗಿಲ ಅನುಭವ ಈ ಬರವಣಿಗೆಯ ತಳದಲ್ಲಿದೆ. ಡೇನಾ ಎಂಬ ಕಪ್ಪು ಹೆಣ್ಣು, ಓದಿದವಳು, ಲೇಖಕಿ, 1976ರಲ್ಲಿ ಕ್ಯಾಲಿಫೋರ್ನಿಯಾದ ತನ್ನ ಹೊಸ ಮನೆಯಲ್ಲಿ ಪುಸ್ತಕ ಜೋಡಿಸುತ್ತಿದ್ದಾಗ ತಲೆ ಸುತ್ತಿ, ಕಣ್ಣು ಬಿಟ್ಟರೆ ಹತ್ತೊಂಬತ್ತನೇ ಶತಮಾನದ ಆರಂಭದ ಮೇರಿಲ್ಯಾಂಡಿನಲ್ಲಿರುತ್ತಾಳೆ. ಅಲ್ಲಿ ಅವಳು ಲೇಖಕಿಯಲ್ಲ. ಯಾರ ಸ್ವತ್ತು ಎಂಬ ಕಾಗದವಿಲ್ಲದ ಒಂದು ಕಪ್ಪು ಮೈ. ಒಮ್ಮೆ ಅವಳ ಬಿಳಿ ಗಂಡನೂ ಅವಳ ಜೊತೆ ಆ ಕಾಲಕ್ಕೆ ಬೀಳುತ್ತಾನೆ. ಅವನು ಒಳ್ಳೆಯವನು. ಆದರೂ ಅವನಿಗೆ ಅನ್ನಿಸುತ್ತದೆ, ಇದೊಂದು ನೋಡತಕ್ಕ ಕಾಲ, ಪಶ್ಚಿಮಕ್ಕೆ ಹೋಗಿ ಅಲ್ಲಿ ದೇಶ ಕಟ್ಟುವುದನ್ನು ನೋಡಬಹುದಿತ್ತು ಅಂತ. ಗಂಡನಿಗೆ ಅದು ಪ್ರವಾಸ, ಹೆಂಡತಿಗೆ ಚಾಟಿ. ಕೊನೆಯ ಸಲ ಮರಳುವಾಗ ಅವಳ ಎಡಗೈ ಆ ಕಾಲದಲ್ಲೇ ಉಳಿದುಹೋಗುತ್ತದೆ.

ಈ ಪುಸ್ತಕ ಓದಿದ ಮೇಲೆ ಬುಕಾನನ್‌ನನ್ನು ಮತ್ತೆ ತೆರೆದೆ. ಹೆಚ್ಚುಕಡಿಮೆ ಅದೇ ಕಾಲ. ನನಗೂ ತಲೆ ಸುತ್ತಿ, ಕಣ್ಣು ಬಿಟ್ಟಾಗ 1800ರ ಶ್ರೀರಂಗಪಟ್ಟಣದ ಕಣದಲ್ಲಿದ್ದರೆ? ಪದವಿ, ಕನ್ನಡಕ, ಅಂಗಿ ಯಾವುದೂ ಕಾಪಾಡುವುದಿಲ್ಲ. ರಾಶಿಯ ತಳದಲ್ಲಿ ಸಗಣಿಯಿಂದ ಕಾಳು ಆಯುತ್ತಿರುತ್ತೇನೆ. ದೂರದಲ್ಲಿ ಒಬ್ಬ ದೊರೆ ಪುಸ್ತಕದಲ್ಲಿ ನನ್ನನ್ನು ತಪ್ಪು ಕಾಗುಣಿತದಲ್ಲಿ ಬರೆದುಕೊಳ್ಳುತ್ತಿರುತ್ತಾನೆ. ಹಾಸ್ಟೆಲಿನ ಹುಡುಗರಲ್ಲಿ ಒಂದು ಸಂಜೆ ಕೇಳಿದೆ: ಹಿಂದಿನ ಕಾಲಕ್ಕೆ ಹೋಗೋ ಯಂತ್ರ ಸಿಕ್ಕಿದರೆ ಯಾವ ಕಾಲಕ್ಕೆ ಹೋಗ್ತೀರಪ್ಪ? ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಒಬ್ಬ 1927ರ ಮಾರ್ಚ್ 20, ಮಹಾಡ್ ಕೆರೆ ಅಂದ. ಇನ್ನೊಬ್ಬ ಹನ್ನೆರಡನೇ ಶತಮಾನದ ಕಲ್ಯಾಣ ಅಂದ. ಮೂಲೆಯಲ್ಲಿದ್ದ ಚಾಮರಾಜನಗರದ ಕಡೆಯ ಹುಡುಗ ನಕ್ಕು, “ಕಲ್ಯಾಣದ ಬಾಗ್ಲಲ್ಲೂ ತಡೀತಾರೆ ಕಣ್ಲಾ, ಮಂಟೇದಯ್ಯನ ಕತೆ ಕೇಳಿಲ್ವಾ?” ಅಂದ.

ನಾನು ಹುಡುಕುತ್ತಿದ್ದ ಪುಸ್ತಕ ಅದೇ ಆಗಿತ್ತು. ಪುಸ್ತಕವಲ್ಲ, ಹಾಡು. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇದಯ್ಯ ಕಲ್ಯಾಣಕ್ಕೆ ಬರುವ ಭಾಗ ಪ್ರವಾಸ ಕಥನವೂ ಹೌದು, ಅದ್ಭುತ ಕತೆಯೂ ಹೌದು. ಸತ್ತ ಕರುವಿನ ಚರ್ಮ, ಹೆಂಡದ ಗಡಿಗೆ, ಗಬ್ಬು ನಾರುವ ಮೈ. ಜಗತ್ತನ್ನೇ ಹುಟ್ಟಿಸಿದ ಜೋತಿ ಮಾದಿಗನ ವೇಷದಲ್ಲಿ ಬಂದು ಬಾಗಿಲಲ್ಲಿ ನಿಂತಿದೆ. ಒಳಗೆ ಲಕ್ಷದ ತೊಂಬತ್ತಾರು ಸಾವಿರ ಜಂಗಮರು ಉಣ್ಣುತ್ತಿದ್ದಾರೆ. ಇಲ್ಲೂ ತೊಂಬತ್ತಾರು ಬಂತು, ಕಾಕತಾಳೀಯ ಇರಲಿ. ಬಾಗಿಲವರು ಹೊಡೆದು ಅಟ್ಟುತ್ತಾರೆ. ಅವನು ಹೋಗಿ ತಿಪ್ಪೆಯ ಮೇಲೆ ಕೂರುತ್ತಾನೆ. ಬಸವಣ್ಣ ನೀಲಮ್ಮ ತಿಪ್ಪೆಗೆ ಹುಡುಕಿಕೊಂಡು ಬರಬೇಕು. ಯಾರು ದಾರಿ ಬಿಡಬೇಕು, ಯಾರು ನಡೆದು ಬರಬೇಕು ಎಂಬ ಲೆಕ್ಕವನ್ನೇ ಹಾಡು ತಿರುಗಿಸಿ ಇಟ್ಟಿದೆ. ಮನು ಹೇಳಿದ ಹೆಣದ ಬಟ್ಟೆ, ಒಡಕು ಪಾತ್ರೆ, ಅಲೆದಾಟ ಎಲ್ಲವೂ ಇಲ್ಲಿವೆ. ಆದರೆ ದೇವರ ಆಯುಧಗಳಾಗಿ ಇವೆ.

ನಮ್ಮ ವಿಮರ್ಶೆಯ ಬಗ್ಗೆ ಒಂದು ಮಾತು, ಗೆಳೆಯರು ಬೇಸರ ಮಾಡ್ಕೋಬಾರದು. ದಲಿತ ಸಾಹಿತ್ಯ ಎಂದರೆ ಅನುಭವ, ಅನುಭವ ಎಂದರೆ ನಡೆದದ್ದು ನಡೆದ ಹಾಗೆ, ಎಂದು ನಾವೇ ಒಂದು ಬೇಲಿ ಹಾಕಿಕೊಂಡೆವು. ಒಂದು ಕಾಲಕ್ಕೆ ಆ ಬೇಲಿ ಬೇಕಿತ್ತು. 1973ರ ಬೂಸಾ ಗಲಾಟೆಯ ದಿನಗಳಲ್ಲಿ, 1975ರ ‘ಹೊಲೆಮಾದಿಗರ ಹಾಡು’ ಬಂದಾಗ, ನಮ್ಮ ಬದುಕು ಹೀಗಿದೆ ಎಂದು ಕೂಗಿ ಹೇಳುವುದೇ ದೊಡ್ಡ ಕೆಲಸವಾಗಿತ್ತು. ಆಮೇಲೆ ಅದು ಅಭ್ಯಾಸವಾಯಿತು. ಮೇಲ್ಜಾತಿಯ ಓದುಗನೂ ನಮ್ಮಿಂದ ನೋವಿನ ಪ್ರವಾಸ ಕಥನವನ್ನೇ ಕೇಳತೊಡಗಿದ, ಬುಕಾನನ್ ಕೇಳಿದಂತೆ: ಏನು ತಿಂತೀರಿ, ಎಷ್ಟು ಕೂಲಿ, ಎಷ್ಟು ದೂರ ನಿಲ್ಲುತ್ತೀರಿ. ನಾವೂ ಹೇಳುತ್ತ ಹೋದೆವು. ಡಿ.ಆರ್. ನಾಗರಾಜ್ 1993ರ ‘ದಿ ಫ್ಲೇಮಿಂಗ್ ಫೀಟ್’ನಲ್ಲಿ ನೋವು, ಸಿಟ್ಟುಗಳಾಚೆಗೆ ನಮ್ಮ ಸಮುದಾಯಗಳ ಸಾಂಸ್ಕೃತಿಕ ಸಿರಿಯ ಕಡೆ ನೋಡಿ ಎಂದು ವಾದಿಸಿದಾಗ ನಮ್ಮಲ್ಲಿ ಅನೇಕರಿಗೆ ಅನುಮಾನವಿತ್ತು. ಇದು ಸಿಟ್ಟನ್ನು ತಣ್ಣಗಾಗಿಸೋ ಉಪಾಯ ಅಂತ ನಾನೂ ಅಂದಿದ್ದೆ. ಈಗ ಅಷ್ಟು ಸಲೀಸಾಗಿ ಹಾಗನ್ನಲಾರೆ. ದೇವನೂರ ಮಹಾದೇವ 1984ರಲ್ಲೇ ‘ಕುಸುಮಬಾಲೆ’ ಕೊಟ್ಟಿದ್ದರು. ಮನೆಮನೆಯ ದೀಪಗಳ ಜೋತಮ್ಮಗಳು ರಾತ್ರಿ ಹೊತ್ತು ಹೊರಟು ಒಂದೆಡೆ ಕಲೆತು ಸುದ್ದಿ ಮಾತಾಡುತ್ತವೆ, ಮಂಚ ಬಾಯಿ ಬಿಟ್ಟು ಹಳೆಯದನ್ನು ಹೇಳುತ್ತದೆ. ನಾವು ಅದನ್ನು ಆಡುಭಾಷೆಯ ಸೊಗಸು ಎಂದು ಹೊಗಳಿ ಬದಿಗಿಟ್ಟೆವು. ರಾತ್ರಿ ಊರೊಳಗೆ ಸುಳಿಯಬಾರದು ಎಂಬ ಕಟ್ಟಳೆ ಇರುವ ಕಡೆ ದೀಪಗಳನ್ನು ರಾತ್ರಿಯಲ್ಲಿ ತಿರುಗಾಡಿಸುವುದು ಬರೀ ಸೊಗಸೇ? ಚೆನ್ನನನ್ನು ಕೊಂದದ್ದು ಯಾರೆಂದು ಸಾಕ್ಷಿ ಹೇಳುವ ಮನುಷ್ಯರಿಲ್ಲದ ಊರಲ್ಲಿ ಮಂಚವೂ ದೀಪವೂ ಮಾತಾಡಲೇಬೇಕಾಗುತ್ತದೆ. ಅಲ್ಲಿ ಅದ್ಭುತವೇ ಸಾಕ್ಷಿ.

ಬುಕಾನನ್‌ನ ದಾರಿಯನ್ನು ಭೂಪಟದ ಮೇಲೆ ಬೆರಳಿಟ್ಟು ನೋಡಿದೆ. ಶ್ರೀರಂಗಪಟ್ಟಣ ಬಿಟ್ಟು ಕಾವೇರಿಯ ಆಚೆಗೆ ಹೋಗುವಾಗ ಅವನು ಮಳವಳ್ಳಿ, ಸತ್ತೇಗಾಲ, ಹನೂರು, ಕೌದಳ್ಳಿಯ ಮೇಲೆ ಹಾದಿದ್ದಾನೆ. ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಾದೇಶ್ವರರ ಸೀಮೆಯ ನಟ್ಟನಡುವೆ. ಕೆರೆ ನೋಡಿದ, ಕಾಡು ನೋಡಿದ, ಪಾಳುಬಿದ್ದ ಊರುಗಳನ್ನು ನೋಡಿದ. ರಾತ್ರಿ ಗುಡಾರದೊಳಗೆ ದೀಪ ಹಚ್ಚಿಕೊಂಡು ಅವನು ಅಂದಿನ ಲೆಕ್ಕ ಬರೆಯುತ್ತಿರುವಾಗ, ಆ ಗುಡಾರ ಹೊತ್ತು ತಂದವರು ಒಂದಷ್ಟು ದೂರದಲ್ಲಿ ಬೆಂಕಿ ಹಾಕಿಕೊಂಡು ಕೂತಿರಬೇಕು. ಆ ಸೀಮೆಯವರೇ ಆಗಿದ್ದರೆ ತಂಬೂರಿ ಇಲ್ಲದಿದ್ದರೂ ಹಾಡು ಗೊತ್ತಿದ್ದವನು ಒಬ್ಬನಾದರೂ ಅಲ್ಲಿರುತ್ತಿದ್ದ. ತಿಪ್ಪೆಯ ಭಾಗಕ್ಕೆ ಬಂದಾಗ ನಕ್ಕಿರುತ್ತಾರೆ. ಆ ನಗು ಎಷ್ಟು ಹೆಜ್ಜೆ ದೂರದಿಂದ ಗುಡಾರಕ್ಕೆ ಕೇಳಿಸಿತೋ, ಅದನ್ನು ಬರೆಯಲು ನಮ್ಮ ಹುಡುಗರಲ್ಲಿ ಯಾರಾದರೂ ಕೂತಿದ್ದಾರೆಯೇ ಅಂತ ನೋಡುತ್ತಿದ್ದೇನೆ.